ಸೇತುವೆಯ ಮೇಲಣ ಬೈಸಿಕಲ್ಲು: ಅಂಶವೂ ಛೇದವೂ

ಲಂಡನ್ ನಗರದಲ್ಲಿ ಥೇಮ್ಸ್ ನದಿಯನ್ನು ದಾಟಿಸುವ ಸೇತುವೆಗಳಲ್ಲಿ ಬ್ಲ್ಯಾಕ್‌ಫ್ರೈಯರ್ಸ್ ಎಂಬುದು ಒಂದು. ವಿಕ್ಟೋರಿಯಾ ರಾಣಿಯವರು 1869ರಲ್ಲಿ ಪ್ರಾರಂಭೋತ್ಸವ ಮಾಡಿದ ಈ ಸೇತುವೆಯನ್ನು 1907ರಿಂದ 1910ರವರೆಗೆ ಕೆಲಸ ನಡೆಸಿ ಅಗಲಗೊಳಿಸಿದರು. ಕುದುರೆಗಾಡಿಗಳ ಕಾಲದಲ್ಲಿ ಹುಟ್ಟಿದ ಈ ಮಾರ್ಗದಲ್ಲಿ ಮುಂದೆ ಲಾರಿ ಬಸ್ಸುಗಳ ನಡುವೆಯೇ ಬೈಸಿಕಲ್ ಸವಾರರೂ ಸಾಗಬೇಕಾಯಿತು. 2003 ಮತ್ತು 2004ನೆಯ ಇಸವಿಗಳಲ್ಲಿ ಇಬ್ಬರು ಸವಾರರು ಇಲ್ಲಿ ಪ್ರಾಣ ಕಳೆದುಕೊಂಡರು.

ಬೀದಿಯಲ್ಲಿ ಅಪಾಯವನ್ನು ಕಂಡವನು ಪಕ್ಕದ ಓಣಿಗೆ ತಿರುಗಿಕೊಳ್ಳಬಹುದು. ಸೇತುವೆಯ ಮೇಲೆ ಆ ಅನುಕೂಲವಿಲ್ಲ. ಒಂದು ಕಡೆ ವಾಹನಗಳ ಪ್ರವಾಹ, ಮತ್ತೊಂದು ಕಡೆ ಕಟಕಟೆ. ಸೇತುವೆಯ ತುದಿಗಳಲ್ಲಿ, ಬೀದಿಗಳು ಬಂದು ಕೂಡುವಲ್ಲಿ, ಗಂಡಾಂತರವು ಇನ್ನೂ ಹೆಚ್ಚು. ಬ್ರಿಟನ್ನಿನಲ್ಲಿಯೂ ನಮ್ಮಲ್ಲಿರುವಂತೆಯೇ ವಾಹನಗಳು ಎಡಬದಿಯಲ್ಲಿ ನಡೆಯುವುವು. ಎಡಕ್ಕೆ ತಿರುಗುವ ಲಾರಿಯ ಎಡಪಾರ್ಶ್ವದಲ್ಲಿರುವ ಸವಾರನು ಚಾಲಕನ ಕಣ್ಣಿಗೆ ಬೀಳದೆ ಹೋಗುವುದುಂಟು.

ಇಂತಹ ಅಪಘಾತಗಳನ್ನು ಆ ದೇಶದ ಪೋಲೀಸರು ಕ್ರಮವಾಗಿ ದಾಖಲು ಮಾಡುವರು. ಮರಣ, ತೀವ್ರಗಾಯ, ಅಲ್ಪಗಾಯ ಎಂದು ಮೂರು ವರ್ಗಗಳು. ಮೂವತ್ತು ದಿನಗಳೊಳಗೆ ಸಂಭವಿಸಿದ ಸಾವು ಮಾತ್ರ ಮೊದಲನೆಯ ವರ್ಗಕ್ಕೆ ಸೇರುವುದು. ಯಾರಿಗೂ ಗಾಯವಾಗದೆ ಗಾಡಿ ಮಾತ್ರ ಮುರಿದರೆ ಅದು ಈ ಲೆಕ್ಕಕ್ಕೆ ಬಾರದು. ಕೂದಲೆಳೆಯಷ್ಟರಲ್ಲಿ ತಪ್ಪಿದ ಗಂಡಾಂತರಗಳಂತೂ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

ಈ ಅಂಕೆಗಳನ್ನು ಓದುವ ಬಗೆಯನ್ನು ವಾಚಕರು ಸ್ವಲ್ಪ ವಿಚಾರಮಾಡಬೇಕು. ಒಂದು ಸೇತುವೆಯಲ್ಲಿ ವರ್ಷಕ್ಕೆ 10 ಅಪಘಾತಗಳೂ ಮತ್ತೊಂದರಲ್ಲಿ 20 ಅಪಘಾತಗಳೂ ಆದುವೆಂದು ಕಲ್ಪಿಸಿಕೊಳ್ಳೋಣ. ಎರಡನೆಯದೇ ಕೆಟ್ಟದೆಂದು ಒಡನೆಯೇ ಹೇಳಬಿಡುವೆವು. ಆದರೆ ಮೊದಲನೆಯದನ್ನು ದಿನಕ್ಕೆ 1,000 ಸವಾರರೂ ಎರಡನೆಯದನ್ನು 5,000 ಸವಾರರೂ ದಾಟುವುದಾದರೆ, ಒಬ್ಬೊಬ್ಬ ಸವಾರನಿಗೆ ಮೊದಲನೆಯ ಸೇತುವೆಯೇ ಎರಡೂವರೆ ಪಾಲು ಅಪಾಯಕರವಾದುದು! ಅಂಶವನ್ನು ಬರೆದು ಛೇದವನ್ನು ಬಿಟ್ಟರೆ ಅದು ಭಿನ್ನರಾಶಿಯಾದೀತೆ? ಅಪಘಾತವೇ ಇಲ್ಲದ ಸೇತುವೆಯೂ ಸುರಕ್ಷಿತವೆಂದು ಹೇಳಲಾಗದು. ಭಯದಿಂದ ಯಾರೂ ಅತ್ತ ಸುಳಿಯದಿರಬಹುದು. ಒಂದು ವರ್ಷ ನಾಲ್ಕು, ಮರುವರ್ಷ ಒಂದು ಎಂಬ ಸಣ್ಣ ಸಂಖ್ಯೆಗಳ ಏರಿಳಿತವು ಕೇವಲ ಆಕಸ್ಮಿಕವೂ ಆಗಿರಬಹುದಾದುದರಿಂದ, ಹಲವು ವರ್ಷಗಳ ಲೆಕ್ಕವನ್ನು ಕೂಡಿಸಿ ನೋಡುವುದೇ ಯುಕ್ತ.

ಛೇದಕ್ಕೆ ಇನ್ನೊಂದು ಗುಣವೂ ಉಂಟು. ಜೇಕಬ್ಸನ್ ಎಂಬವರು 2003ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಸವಾರರ ಸಂಖ್ಯೆ ಇಮ್ಮಡಿಯಾದರೆ ಪ್ರತಿಯೊಬ್ಬನ ಅಪಾಯವು ಸುಮಾರು ಮೂರನೆಯ ಒಂದು ಪಾಲು ತಗ್ಗುವುದೆಂದು ತೋರಿಸಿರುವರು. ಬೈಸಿಕಲ್ಲುಗಳನ್ನು ನಿತ್ಯವೂ ಕಾಣುವ ಚಾಲಕನು ಅವುಗಳನ್ನು ನಿರೀಕ್ಷಿಸಿಯೇ ನಡೆಸುವನೆಂಬುದು ಅದಕ್ಕೆ ಅವರು ಕೊಡುವ ಕಾರಣ.

ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ ಕಾಮಗಾರಿಯ ನಿಮಿತ್ತ ವಿಧಿಸಿದ್ದ ಗಂಟೆಗೆ 20 ಮೈಲಿಗಳ ವೇಗಮಿತಿಯನ್ನು ಮರಳಿ 30ಕ್ಕೆ ಏರಿಸಬೇಕೆಂದು 2011ರಲ್ಲಿ ಹೊರಟಾಗ, ಸವಾರರು ಗುಂಪುಗೂಡಿ ಸೇತುವೆಯ ಮೇಲೆ ನಿಧಾನವಾಗಿ ಸವಾರಿಮಾಡಿ ಪ್ರತಿಭಟಿಸಿದರು. ಅವರ ವಾದವು ನಿರಾಧಾರವಾದುದಲ್ಲ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದು. 20ರ ವರ್ಗ 400, 30ರ ವರ್ಗ 900. ವೇಗವು ಒಂದೂವರೆ ಪಾಲಾದರೆ ಆಘಾತವು ಎರಡೂಕಾಲು ಪಾಲಾಗುವುದು. ಕೊನೆಗೆ 2016ರಲ್ಲಿ ಈ ಸೇತುವೆಯ ಮೇಲೆ, ಮೋಟಾರುಗಳಿಂದ ಕಟ್ಟೆಯಿಟ್ಟು ಬೇರ್ಪಡಿಸಿದ ಬೈಸಿಕಲ್ ದಾರಿಯೇ ಸಿದ್ಧವಾಯಿತು.

ಬೈಸಿಕಲ್ಲಿನಲ್ಲಿ ಹೊರಡುವ ಮಕ್ಕಳಿಗೆ ತಾಯಿತಂದೆಗಳು ಒಂದು ಮಾತನ್ನು ತಪ್ಪದೆ ಹೇಳಬೇಕು: ನಿಂತಿರುವ ಲಾರಿಯ ಎಡಮಗ್ಗುಲಿಗೆ ನುಗ್ಗಬಾರದು, ಅದರ ಹಿಂದೆಯೇ ನಿಲ್ಲಬೇಕು. ಮಾರ್ಗವನ್ನು ನಿರ್ಮಿಸುವವರಾದರೋ, ಮಗುವಿನ ಎಚ್ಚರವೊಂದನ್ನೇ ನಂಬಿ ಕುಳಿತುಕೊಳ್ಳಬಾರದು. ಛೇದವನ್ನು ಮರೆತರೆ ಲೆಕ್ಕ ತಪ್ಪುವುದು ನಿಜ. ಆದರೆ ಅಂಶದಲ್ಲಿರುವ ಒಂದೊಂದು ಅಂಕೆಯೂ ಒಂದು ಮನೆಯವರು ಸಂಜೆಗೆ ಎದುರುನೋಡುತ್ತಿದ್ದ ಮನುಷ್ಯನೆಂಬುದನ್ನು ಮರೆತರೆ, ಲೆಕ್ಕ ಸರಿಯಾಗಿದ್ದೂ ಫಲವಿಲ್ಲ.