ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ನಮ್ಮ ಕೈ ಯಾಕೆ ಪಂಪಿಗೆ ಹೋಗುತ್ತೆ?

ಮೆಣಸಿನಕಾಯಿ ಬೆಳೆಯೋ ಊರುಗಳಲ್ಲಿ ಇದನ್ನು ನೀವೂ ನೋಡಿರ್ತೀರಿ. ಎಲೆ ಸ್ವಲ್ಪ ಮುದುಡಿತು ಅಂತ ಒಬ್ಬರು ಬೆಳಿಗ್ಗೆ ಔಷಧಿ ಹೊಡೀತಾರೆ. ಸಂಜೆ ಹೊತ್ತಿಗೆ ಬದುವಿನ ಆಚೆ ಈಚೆ ಇನ್ನೂ ನಾಲ್ಕು ಹೊಲದಲ್ಲಿ ಪಂಪಿನ ಸದ್ದು. ಆ ನಾಲ್ವರಲ್ಲಿ ಎಲೆ ತಿರುಗಿಸಿ ಹುಳ ಎಷ್ಟಿದೆ ಅಂತ ಎಣಿಸಿದವರು ಎಷ್ಟು ಜನ? "ಅವರು ಹೊಡೆದ್ರು, ನಾವು ಬಿಟ್ರೆ ಹೆಂಗೆ?" ಅನ್ನೋದೇ ಹೆಚ್ಚಿನವರ ಲೆಕ್ಕ. ಖರ್ಚು ಮಾತ್ರ ಅವರವರ ಜೇಬಿಂದು.

ಇದು ದಡ್ಡತನ ಅಲ್ಲ, ಮನುಷ್ಯನ ಸ್ವಭಾವ. ಈ ಸ್ವಭಾವ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದರೆ ಔಷಧಿ ಖರ್ಚೂ ಉಳಿಯುತ್ತೆ, ಸಾವಯವಕ್ಕೆ ಬರಬೇಕು ಅನ್ನೋರಿಗೆ ದಾರಿಯೂ ಸುಲಭ ಆಗುತ್ತೆ.

ಸುದ್ದಿ ಅಂಗಡಿಯಿಂದ, ನಂಬಿಕೆ ನೆರೆಯವರಿಂದ

ಅಮೆರಿಕದ ಅಯೋವಾ ರಾಜ್ಯ ಮುಸುಕಿನ ಜೋಳದ ಸೀಮೆ. ಅಲ್ಲಿಗೆ 1928ರ ಸುಮಾರಿಗೆ ಹೈಬ್ರಿಡ್ ಬೀಜ ಬಂತು. ಇಳುವರಿ ಸುಮಾರು ಶೇ. 20ರಷ್ಟು ಹೆಚ್ಚು. ಆದರೂ 1933ರ ಹೊತ್ತಿಗೆ ಅದನ್ನು ಬಿತ್ತಿದವರು ಹತ್ತರಲ್ಲಿ ಒಬ್ಬರು ಮಾತ್ರ. ಮುಂದಿನ ಮೂರೇ ವರ್ಷದಲ್ಲಿ ಅದು ಹತ್ತರಲ್ಲಿ ನಾಲ್ವರಾಯ್ತು. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಂಶೋಧಕರು 259 ರೈತರನ್ನು ಮಾತಾಡಿಸಿ 1943ರಲ್ಲಿ ವರದಿ ಪ್ರಕಟಿಸಿದರು. ಅಷ್ಟರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು.

ರೈತರಿಗೆ ಬೀಜದ ಸುದ್ದಿ ಮೊದಲು ಮುಟ್ಟಿದ್ದು ಹೆಚ್ಚಾಗಿ ಮಾರಾಟಗಾರರಿಂದ. ಆದರೆ "ನಾನೂ ಬಿತ್ತೋಣ" ಅಂತ ಮನಸ್ಸು ಮಾಡಿಸಿದ್ದು ನೆರೆಹೊರೆಯವರು. ಮತ್ತೊಂದು ವಿಷಯ ಗಮನಿಸಿ: ಒಪ್ಪಿದವರೂ ಮೊದಲ ವರ್ಷವೇ ಪೂರ್ತಿ ಹೊಲಕ್ಕೆ ಹಾಕಲಿಲ್ಲ. ಸಣ್ಣ ತುಂಡಿನಲ್ಲಿ ನೋಡಿ ಆಮೇಲೆ ಹೆಚ್ಚಿಸಿದರು.

ಸಾವಯವ ಮಾಡೋ ನಾನು ಹೈಬ್ರಿಡ್ ಬೀಜದ ಕಥೆ ಯಾಕೆ ಹೇಳ್ತಿದೀನಿ ಅನ್ನಿಸಬಹುದು. ವಿಷಯ ಏನೇ ಇರಲಿ, ಜೀವಾಮೃತ ಆಗಲಿ, ಕೀಟನಾಶಕ ಆಗಲಿ, ಊರಲ್ಲಿ ಹಬ್ಬೋದು ಈ ದಾರಿಯಲ್ಲೇ.

ಒಬ್ಬರು ಜೊತೆಗಿದ್ದರೆ ಸಾಕು

ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1950ರ ಸುಮಾರಿಗೆ ಒಂದು ಸರಳ ಪ್ರಯೋಗ ಮಾಡಿದರು. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟೇ ಉದ್ದ ಅಂತ ಹೇಳಬೇಕು. ಉತ್ತರ ಕಣ್ಣಿಗೇ ಕಾಣುತ್ತೆ. ಆದರೆ ಗುಂಪಿನಲ್ಲಿ ಕೂತ ಉಳಿದವರು ಮೊದಲೇ ಹೇಳಿಕೊಟ್ಟಂತೆ ಒಟ್ಟಾಗಿ ತಪ್ಪು ಉತ್ತರ ಕೊಡ್ತಿದ್ರು. ಅಂಥ ಸರದಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಉತ್ತರಗಳು ಗುಂಪಿನ ಕಡೆಗೇ ವಾಲಿದವು. ಗುಂಪಿನಲ್ಲಿ ಇನ್ನೊಬ್ಬ ಸರಿ ಉತ್ತರ ಹೇಳಿದಾಗ ಮಾತ್ರ ಗುಂಪಿನ ಹಿಡಿತ ಬಹಳ ಸಡಿಲವಾಯ್ತು.

ಕಣ್ಣೆದುರಿನ ಗೆರೆಗೇ ಹೀಗಾದರೆ, ವರ್ಷದ ಅನ್ನ ನಿಂತಿರೋ ಬೆಳೆ ವಿಷಯದಲ್ಲಿ ಹೇಳಬೇಕಾ? "ಇವನೊಬ್ಬ ಗೊಬ್ಬರದ ಚೀಲ ಬಿಟ್ಟು ಸಗಣಿ ಹಿಡ್ಕೊಂಡಿದಾನೆ" ಅಂತ ಕಟ್ಟೆ ಮೇಲೆ ನಕ್ಕರೆ ಒಂಟಿ ರೈತ ಎರಡು ಹಂಗಾಮು ತಡ್ಕೊಳ್ಳೋದೂ ಕಷ್ಟ. ಹಾಗಾಗಿ ಸಾವಯವ ಶುರು ಮಾಡೋರಿಗೆ ನನ್ನ ಮೊದಲ ಸಲಹೆ: ಎರೆಹುಳು ತೊಟ್ಟಿಗಿಂತ ಮುಂಚೆ ಒಬ್ಬ ಜೊತೆಗಾರನನ್ನು ಹುಡುಕಿ.

ಭಾಷಣಕ್ಕಿಂತ ಮಾತುಕತೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಕೊರತೆ. ಜನ ಇಷ್ಟಪಡದ ಹೃದಯ, ಮೂತ್ರಪಿಂಡದಂಥ ಭಾಗಗಳನ್ನು ಅಡುಗೆಗೆ ಬಳಸುವಂತೆ ಗೃಹಿಣಿಯರನ್ನು ಒಪ್ಪಿಸಬೇಕಿತ್ತು. ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ ಕೆಲವು ಗುಂಪುಗಳಿಗೆ ಉಪನ್ಯಾಸ ಕೊಡಿಸಿದರು. ಇನ್ನು ಕೆಲವು ಗುಂಪುಗಳಲ್ಲಿ ಅವರವರೇ ಚರ್ಚಿಸಿ, ಕೊನೆಗೆ ಮಾಡಿ ನೋಡ್ತೀವಿ ಅನ್ನೋರು ಕೈ ಎತ್ತಬೇಕಿತ್ತು. ಉಪನ್ಯಾಸ ಕೇಳಿದವರಲ್ಲಿ ಆಮೇಲೆ ಮನೆಯಲ್ಲಿ ಮಾಡಿದ್ದು ಶೇ. 3, ಚರ್ಚಿಸಿದವರಲ್ಲಿ ಶೇ. 32.

ಇಂಡೋನೇಷ್ಯಾದ ಭತ್ತದ ರೈತರೂ ಇದೇ ದಾರಿಯಲ್ಲಿ ಬದಲಾದರು. ಅತಿಯಾದ ಔಷಧಿಯಿಂದ ಜೇಡ ಮುಂತಾದ ಮಿತ್ರಜೀವಿಗಳು ಸತ್ತು, ಕಂದು ಜಿಗಿಹುಳು ಅಲ್ಲಿ ಹೆಚ್ಚಿತ್ತು. 1986ರಲ್ಲಿ ಸರ್ಕಾರ ಭತ್ತಕ್ಕೆ 57 ಬಗೆಯ ಔಷಧಿ ನಿಷೇಧಿಸಿತು. 1989ರಿಂದ ರೈತ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಸುಮಾರು 25 ರೈತರು ವಾರಕ್ಕೊಮ್ಮೆ ಗದ್ದೆಗಿಳಿದು, ಹುಳ ಎಣಿಸಿ, ಕಂಡದ್ದನ್ನು ಹಾಳೆ ಮೇಲೆ ಬರೆದು ತಾವೇ ತೀರ್ಮಾನ ಮಾಡ್ತಿದ್ರು. ಜೇಡ ಜಿಗಿಹುಳುವನ್ನು ತಿನ್ನೋದನ್ನು ಕಣ್ಣಾರೆ ಕಂಡವರಿಗೆ ಬೇರೆ ಭಾಷಣ ಬೇಕಾಗಲ್ಲ.

ನೀವು ಮಾಡಬಹುದಾದದ್ದು

1. ಔಷಧಿ ಹೊಡೆಯೋ ಮುಂಚೆ ಹೊಲದ ಬೇರೆ ಬೇರೆ ಕಡೆಯ 10 ಗಿಡ ನೋಡಿ. ಪೀಡೆ ಹುಳ ಎಷ್ಟು, ಜೇಡ ಮತ್ತು ಗುಲಗಂಜಿ ಹುಳು ಎಷ್ಟು ಅಂತ ಚೀಟಿಯಲ್ಲಿ ಬರೆಯಿರಿ. ಗುಲಗಂಜಿ ಹುಳುವಿನ ಮರಿ ಮುಳ್ಳುಮುಳ್ಳಾಗಿ ಕಾಣುತ್ತೆ, ಪೀಡೆ ಅಂದ್ಕೊಂಡು ಕೊಲ್ಲಬೇಡಿ.

2. ಪೀಡೆ ನಷ್ಟದ ಮಟ್ಟ ಮುಟ್ಟಿದೆಯಾ ಅಂತ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮುಟ್ಟಿದ್ದರೆ ಕ್ರಮ ತಗೊಳ್ಳಲೇಬೇಕು, ಸುಮ್ಮನೆ ಕೂರಬೇಡಿ.

3. ಸಲಹೆ ಕೊಟ್ಟವರಿಗೆ ಅದರಿಂದ ಲಾಭ ಇದೆಯಾ ಅಂತ ಯೋಚಿಸಿ. ಲಾಭ ಇದ್ದ ಮಾತ್ರಕ್ಕೆ ಸಲಹೆ ಸುಳ್ಳಲ್ಲ. ಆದರೆ ಇನ್ನೊಂದು ಕಡೆ ಕೇಳೋದು ಒಳ್ಳೆಯದು.

4. ಹೊಸ ಪದ್ಧತಿಗೆ ಮೊದಲು ಎರಡು ಗುಂಟೆ ಕೊಡಿ. ರಸ್ತೆ ಪಕ್ಕದ್ದಾದರೆ ಇನ್ನೂ ಒಳ್ಳೆಯದು. ಹೋಗೋ ಬರೋರು ನೋಡಲಿ, ಪ್ರಶ್ನೆ ಕೇಳಲಿ. ಪಕ್ಕದಲ್ಲೇ ಹಳೇ ಪದ್ಧತಿಯ ಎರಡು ಗುಂಟೆ ಇಟ್ಟು ಖರ್ಚು, ಇಳುವರಿ ಎರಡನ್ನೂ ಬರೆದಿಡಿ.

5. ಐದಾರು ಜನ ಸೇರಿ ವಾರಕ್ಕೊಮ್ಮೆ ಒಬ್ಬೊಬ್ಬರ ಹೊಲ ಸುತ್ತಿ. ಮನೆಯ ಹೆಣ್ಣುಮಕ್ಕಳನ್ನೂ ಕರೆಯಿರಿ. ಕಳೆ ಕೀಳುವಾಗ ಗಿಡವನ್ನು ಹತ್ತಿರದಿಂದ ನೋಡೋರು ಅವರೇ. ಈ ವಾರ ಏನು ಮಾಡ್ತೀರಿ ಅಂತ ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಿ.

ಪಕ್ಕದವರನ್ನು ನೋಡಿ ಕಲಿಯೋದು ಒಕ್ಕಲುತನದಷ್ಟೇ ಹಳೆಯದು, ಅದನ್ನು ಬಿಡಬೇಕಾಗಿಲ್ಲ. ಮುಂದಿನ ಸಲ ಆಚೆ ಹೊಲದಲ್ಲಿ ಪಂಪಿನ ಸದ್ದು ಕೇಳಿದಾಗ ಮೊದಲು ನಿಮ್ಮ ಗಿಡದ ಎಲೆ ತಿರುಗಿಸಿ ನೋಡಿ. ಆಮೇಲೆ ಬದು ದಾಟಿ ಹೋಗಿ, "ಎಷ್ಟು ಹುಳ ಇತ್ತಣ್ಣ?" ಅಂತ ಒಂದು ಮಾತು ಕೇಳಿ. ಆ ಪ್ರಶ್ನೆಯೂ ಊರಲ್ಲಿ ಹಬ್ಬಲಿ.