ಉಳಿ ಉಳಿಸಿದ ಪ್ರಾಣಿಗಳು

ಕುಂಚ ಹಿಡಿದವನಿಗೆ ಬೆಕ್ಕಿನ ಮೀಸೆಯೊಂದನ್ನೆಳೆಯಲು ಕ್ಷಣಮಾತ್ರದ ಕೈಚಳಕ ಸಾಕು. ಅದೇ ಮೀಸೆ ಮರದಚ್ಚಿನಿಂದ ಮೂಡಬೇಕಾದರೆ ಕೂದಲೆಳೆಯಂಥ ಆ ಗೆರೆಯನ್ನು ಮಾತ್ರ ಬಿಟ್ಟು, ಅದರ ಇಕ್ಕೆಲದ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಉಳಿಯ ಕೆಲಸವೆಂದರೆ ಉಳಿಸುವ ಕೆಲಸವೇ ಎಂಬುದಕ್ಕೆ ಜಪಾನೀ ಕಲಾವಿದರ ಮೃಗಪಕ್ಷಿಗಳಿಗಿಂತ ಉತ್ತಮ ನಿದರ್ಶನ ದೊರೆಯದು.

ಚೆರಿ ಮರದ ಗಟ್ಟಿ ಹಲಗೆಗಳನ್ನು ಬಣ್ಣಬಣ್ಣಕ್ಕೆ ಬೇರೆಬೇರೆಯಾಗಿ ಕೆತ್ತಿ, ನೀರಿನ ವರ್ಣವನ್ನು ಅಕ್ಕಿಯ ಅಂಟಿನೊಡನೆ ಬಳಿದು, ಕೋಜೋ ಗಿಡದ ನಾರಿನ ಕಾಗದವನ್ನು ಮೇಲಿರಿಸಿ, ಬಿದಿರಿನ ಹಾಳೆ ಸುತ್ತಿದ ‘ಬರೇನ್’ ಎಂಬ ದುಂಡು ಸಾಧನದಿಂದ ಉಜ್ಜುವುದು ಈ ಮರದಚ್ಚಿನ ಕ್ರಮ. ಹಿಂದೆ ಬರೆಯುವವನು, ಕೆತ್ತುವವನು, ಅಚ್ಚೊತ್ತುವವನು ಬೇರೆಬೇರೆಯಾಗಿದ್ದರು. ಒಹಾರ ಕೊಸೊನ್‌ನ ಕಾಗೆ ಕೊಕ್ಕರೆಗಳು ಇಂಥ ಸಹಯೋಗದ ಫಲ. 1904ರಲ್ಲಿ ಯಾಮಾಮೊತೊ ಕನಾಏ ಮೀನುಗಾರನೊಬ್ಬನ ಚಿತ್ರವನ್ನು ತಾನೇ ಬರೆದು, ಕೆತ್ತಿ, ಅಚ್ಚೊತ್ತಿದಂದಿನಿಂದ ಮೂರೂ ವಿದ್ಯೆಗಳನ್ನು ಒಂದೇ ಕೈಗೆ ತಂದುಕೊಳ್ಳುವ ಹೊಸ ಪಂಥವೊಂದು ಬೆಳೆಯಿತು.

ಪ್ರಾಣಿಗಳನ್ನು ನೆಚ್ಚಿದವರಲ್ಲಿ ಯೋಶಿದ ತೋಶಿ (1911–1995) ಪ್ರಮುಖನು. ಬಾಲ್ಯದಲ್ಲಿಯೇ ಒಂದು ಕಾಲಿನ ಸ್ವಾಧೀನ ತಪ್ಪಿ ತಂದೆ ಹಿರೋಶಿಯ ಕಾರ್ಯಶಾಲೆಯಲ್ಲಿ ದಿನಗಳೆದ ಈತನು, ಭೂದೃಶ್ಯಗಳಿಗೆ ಹೆಸರಾದ ತಂದೆಯ ನೆರಳಿನಿಂದ ಬೇರೆಯಾಗಿ ನಿಲ್ಲಬೇಕೆಂದು ಎಳವೆಯಲ್ಲಿಯೇ ಪ್ರಾಣಿಗಳನ್ನು ವಸ್ತುವಾಗಿ ಆರಿಸಿಕೊಂಡನು. 1930ರಲ್ಲಿ ತಂದೆಯೊಡನೆ ಭಾರತಯಾತ್ರೆಗೂ ಹೊರಟನು. ಮುಂದೆ ಭೂದೃಶ್ಯಕ್ಕೂ, ತಂದೆಯ ನಿಧನಾನಂತರ ಅಮೂರ್ತ ಕಲೆಗೂ ಹೊರಳಿದ್ದ ಆ ಮನಸ್ಸು, 1971ರ ಬಳಿಕ ಪ್ರಾಣಿಗಳಿಗೇ ಮರಳಿತು; ಆಫ್ರಿಕದ ಸಿಂಹ, ಆನೆಗಳು ತಮ್ಮ ಬಯಲುಗಳ ಸಮೇತ ಅವನ ಹಲಗೆಗಿಳಿದವು.

ಇನಾಗಾಕಿ ತೊಮೊಒ (1902–1980) ಇದಕ್ಕೆ ವಿರುದ್ಧ ದಾರಿಯವನು. ಅವನ ಬೆಕ್ಕುಗಳಿಗೆ ರೋಮದ ಹಂಗಿಲ್ಲ. ಕೋನಕೋನವಾದ ಮೈ, ದಪ್ಪಗೆರೆ, ನೆಟ್ಟ ಕಣ್ಣು, ಇಷ್ಟರಲ್ಲಿಯೇ ಮಾರ್ಜಾಲದ ಗರ್ವವೂ ಸಂಶಯವೂ ಪೂರ್ಣವಾಗಿ ವ್ಯಕ್ತವಾಗುತ್ತವೆ. ಒಬ್ಬನು ಪ್ರಾಣಿಯನ್ನು ಅದರ ನೆಲದಲ್ಲಿಟ್ಟು ಕಂಡರೆ, ಮತ್ತೊಬ್ಬನು ಅದರ ಸ್ವಭಾವವೊಂದನ್ನುಳಿದು ಮಿಕ್ಕುದನ್ನೆಲ್ಲ ಕೆತ್ತಿ ಬಿಸುಟನು.

1942ರಲ್ಲಿ ಜನಿಸಿದ ನಿಶಿದ ತದಶಿಗೆ ಎಂಬವನು ಇನ್ನೊಂದು ಹೆಜ್ಜೆ ಮುಂದೆ ಹೋದನು. ಅವನ ಕರಿಬೆಕ್ಕುಗಳ ಹಿಂದೆ ಹಲಗೆಯ ಸಹಜ ಎಳೆಗಳೇ ಹಿನ್ನೆಲೆಯಾಗಿ ಹರಿಯುತ್ತವೆ. ಮರವು ವರ್ಷವರ್ಷವೂ ತನ್ನೊಳಗೆ ತಾನೇ ಬರೆದುಕೊಂಡ ಆ ಗೆರೆಗಳನ್ನು ಉಳಿಯು ಮುಟ್ಟದೆ ಉಳಿಸಿರುವುದರಿಂದ, ಅವುಗಳ ಮುಂದೆ ಕುಳಿತ ಬೆಕ್ಕು ಹಲಗೆಗೆ ಹೊರಗಿನಿಂದ ಬಂದದ್ದೆಂದು ಎಂದಿಗೂ ತೋರದು.