ಮೂರು ಗ್ರಾಂ ಹಕ್ಕಿ, ಎಂಟು ಸಾಲು ಕವಿತೆ

ಅಂಗಳದ ದಾಸವಾಳಕ್ಕೆ ಕೊಕ್ಕಿಟ್ಟು ಮಕರಂದ ಹೀರುವ ಪುಟ್ಟ ಹಕ್ಕಿಯನ್ನು ಕಂಡರೆ ನಮ್ಮ ಮಕ್ಕಳು 'ಹಮ್ಮಿಂಗ್ ಬರ್ಡ್' ಎಂದು ಕೂಗುವುದುಂಟು. ಅದು ಸೂರಕ್ಕಿ. ಹಮ್ಮಿಂಗ್ ಬರ್ಡ್ ನಮ್ಮ ದೇಶದಲ್ಲಿಲ್ಲ. ಅದರ 350ಕ್ಕೂ ಹೆಚ್ಚು ಜಾತಿಗಳನ್ನು ಅಲ್ಲಾಹನು ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಿಗೆ ಮಾತ್ರ ಕೊಟ್ಟಿದ್ದಾನೆ. ನಮ್ಮ ಸೂರಕ್ಕಿ ಹೆಚ್ಚಾಗಿ ಕೊಂಬೆಯ ಮೇಲೆ ಕುಳಿತು ಕುಡಿಯುತ್ತದೆ. ಹಮ್ಮಿಂಗ್ ಬರ್ಡ್ ಹೂವಿನೆದುರು ಗಾಳಿಯಲ್ಲೇ ನಿಲ್ಲುತ್ತದೆ, ಹಿಮ್ಮುಖವಾಗಿಯೂ ಹಾರುತ್ತದೆ. ಸೆಕೆಂಡಿಗೆ ಸುಮಾರು 50 ಬಾರಿ ಬಡಿಯುವ ರೆಕ್ಕೆಗಳಿಂದ ಹೊರಡುವ ಝೇಂಕಾರವೇ ಅದರ ಹೆಸರಿಗೆ ಕಾರಣ.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಭಾಗದಲ್ಲಿ ಗೂಡು ಕಟ್ಟುವುದು ಇವುಗಳಲ್ಲಿ ಒಂದೇ ಜಾತಿ. ತೂಕ ಸುಮಾರು ಮೂರು ಗ್ರಾಂ. ಚಿನ್ನದ ಲೆಕ್ಕ ಬಲ್ಲ ಸಹೋದರಿಯರಿಗೆ ಇದನ್ನು ವಿವರಿಸಬೇಕಿಲ್ಲ, ಒಂದು ಸಣ್ಣ ಉಂಗುರದಷ್ಟು. ಗಂಡಿನ ಕೊರಳು ಮಾಣಿಕ್ಯದಂತೆ ಕೆಂಪು. ಆದರೆ ಅದು ಬಣ್ಣವಲ್ಲ, ಗರಿಯ ರಚನೆಯ ಮೇಲೆ ಬೆಳಕು ಬಿದ್ದಾಗ ಹುಟ್ಟುವ ಹೊಳಪು. ಹಕ್ಕಿ ನೆರಳಿಗೆ ಸರಿದರೆ ಅದೇ ಕೊರಳು ಕಪ್ಪಗೆ ಕಾಣುತ್ತದೆ.

ಚಳಿಗಾಲವನ್ನು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದಲ್ಲಿ ಕಳೆಯುವ ಈ ಹಕ್ಕಿ ವಸಂತದಲ್ಲಿ ಉತ್ತರಕ್ಕೆ ಹೊರಡುತ್ತದೆ. ನಡುವೆ ಮೆಕ್ಸಿಕೋ ಕೊಲ್ಲಿ. ಅನೇಕ ಹಕ್ಕಿಗಳು ಸುಮಾರು 800 ಕಿ.ಮೀ. ಸಮುದ್ರವನ್ನು ಎಲ್ಲಿಯೂ ಇಳಿಯದೆ ದಾಟುತ್ತವೆ. ಹೊರಡುವ ಮುನ್ನ ತಿಂದು ತಿಂದು ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಆ ಕೊಬ್ಬೇ ದಾರಿಯ ಬುತ್ತಿ. ಕಾಲಿಗೆ ಗುರುತಿನ ಬಳೆ ತೊಡಿಸಿ ಬಿಟ್ಟ ಹಕ್ಕಿ ಮರುವರ್ಷ ಅದೇ ತೋಟಕ್ಕೆ ಮರಳಿದ್ದನ್ನು ಪಕ್ಷಿತಜ್ಞರು ಕಂಡಿದ್ದಾರೆ. ಗಂಡು ಮೊದಲು ಬರುತ್ತದೆ, ಹೆಣ್ಣು ಕೆಲವು ದಿನಗಳ ನಂತರ. ಬಂದ ಮೇಲೆ ಗೂಡಿನ ಕೆಲಸವೆಲ್ಲ ಹೆಣ್ಣಿನದೇ. ಗಂಡು ಒಂದು ನಾರನ್ನೂ ತರುವುದಿಲ್ಲ. (ಓದುವವರಲ್ಲಿ ಕೆಲವರು ಇಲ್ಲಿ ನಗಬಹುದು.) ಗಿಡಗಳ ಮೃದುವಾದ ಅರಳೆಯನ್ನು ಜೇಡರ ಬಲೆಯ ಎಳೆಯಿಂದ ಬಿಗಿದು, ಹೊರಗೆ ಕಲ್ಲುಹೂವಿನ ಚೂರು ಅಂಟಿಸಿ, ಅರ್ಧ ಅಕ್ರೋಟಿನಷ್ಟು ಗೂಡು ಕಟ್ಟುತ್ತದೆ. ಮರಿಗಳು ಬೆಳೆದಂತೆ ಗೂಡೂ ಹಿಗ್ಗುತ್ತದೆ, ಏಕೆಂದರೆ ಜೇಡರ ಎಳೆ ಜಗ್ಗಿದರೆ ಹರಿಯುವುದಿಲ್ಲ.

ತೋಟ ಬಿಟ್ಟು ಹೋಗದವರು

ಈ ಹಕ್ಕಿ ಬರುತ್ತಿದ್ದ ತೋಟಗಳಲ್ಲಿ ಒಂದು ಮ್ಯಾಸಚೂಸೆಟ್ಸ್ ರಾಜ್ಯದ ಆಮ್ಹರ್ಸ್ಟ್ ಎಂಬ ಊರಿನಲ್ಲಿತ್ತು. ಅಲ್ಲಿಗೆ ಅದು ತಲಪುವಾಗ ಏಪ್ರಿಲ್ ಮುಗಿಯುತ್ತಾ ಬಂದಿರುತ್ತದೆ. ಆ ಮನೆಯಲ್ಲಿದ್ದವರು ಎಮಿಲಿ ಡಿಕಿನ್ಸನ್ (1830-1886). ಇಂದು ಇಂಗ್ಲಿಷ್ ಸಾಹಿತ್ಯ ಓದುವ ಪ್ರತಿ ವಿದ್ಯಾರ್ಥಿನಿಗೂ ಗೊತ್ತಿರುವ ಹೆಸರು. ಬದುಕಿದ್ದಾಗ ಹತ್ತರಷ್ಟು ಕವಿತೆಗಳು ಮಾತ್ರ ಅಚ್ಚಾಗಿದ್ದವು, ಅವೂ ಹೆಸರಿಲ್ಲದೆ. ಊರಿನವರಿಗೆ ಅವರು ಹೂ ಬೆಳೆಸುವವರೆಂದು ಗೊತ್ತಿತ್ತು. 1856ರಲ್ಲಿ ಊರಿನ ಜಾನುವಾರು ಮೇಳದಲ್ಲಿ ಅವರು ಸುಟ್ಟ ರೊಟ್ಟಿಗೆ ಎರಡನೇ ಬಹುಮಾನವೂ ಬಂದಿತ್ತು. ಮದುವೆಯಾಗಲಿಲ್ಲ. ಕೊನೆಯ ಇಪ್ಪತ್ತು ವರ್ಷ ತಂದೆಯ ಮನೆ ಮತ್ತು ತೋಟ ಬಿಟ್ಟು ಹೊರಗೆ ಹೋದದ್ದು ಇಲ್ಲವೆಂಬಷ್ಟು ಕಡಿಮೆ.

1862ರ ಸುಮಾರಿಗೆ ಎಮಿಲಿ ಈ ಹಕ್ಕಿಯ ಬಗ್ಗೆ ಒಂದು ಕವಿತೆ ಬರೆದರು. ಇಪ್ಪತ್ತು ಸಾಲು. ಅದರಲ್ಲಿ ಹಕ್ಕಿ ತಿರುಗುವ ಗಾಲಿಯ ಮೇಲೆ ಸವಾರಿ ಮಾಡುತ್ತದೆ, ಹೂವಿಂದ ಹೂವಿಗೆ ಹೋಗುತ್ತದೆ, ಮಾಯವಾಗುತ್ತದೆ. ಕಂಡದ್ದು ನಿಜವೋ ಭ್ರಮೆಯೋ ಎಂದು ಕವಯಿತ್ರಿಯೂ ಅವರ ನಾಯಿಯೂ ಗೊಂದಲಕ್ಕೆ ಬೀಳುತ್ತಾರೆ. ಉತ್ತರ ನಾಯಿಗೆ ಹೊಳೆಯುತ್ತದೆ: ಹೂಗಳು ಇನ್ನೂ ಅಲುಗುತ್ತಿವೆಯಲ್ಲ!

ಅಲ್ಲಿಗೆ ವಿಷಯ ಮುಗಿಯಬಹುದಿತ್ತು. ಆದರೆ ಹಕ್ಕಿ ಮರು ವಸಂತಕ್ಕೂ ಬಂತು, ಅದರಾಚೆಯ ವಸಂತಕ್ಕೂ ಬಂತು. 1866ರಲ್ಲಿ ಆ ನಾಯಿ ಸತ್ತಿತು. 1874ರಲ್ಲಿ ತಂದೆ ತೀರಿಕೊಂಡರು. 1879ರ ಸುಮಾರಿಗೆ ಎಮಿಲಿ ಅದೇ ಹಕ್ಕಿಯನ್ನು ಮತ್ತೆ ಬರೆದರು. ಈ ಸಲ ಎಂಟೇ ಸಾಲು. ನಾಯಿ ಇಲ್ಲ, ತರ್ಕ ಇಲ್ಲ, ಹಕ್ಕಿಯ ಹೆಸರೂ ಇಲ್ಲ. ಗಾಲಿ ಉಳಿದಿದೆ. ಹಸಿರು, ಕೆಂಪು ಎರಡು ಬಣ್ಣಗಳು ಮಿಂಚುತ್ತವೆ, ಹಕ್ಕಿ ಹೋದ ಮೇಲೆ ಹೂವು ತನ್ನ ಬಾಗಿದ ತಲೆಯನ್ನು ಸರಿಪಡಿಸಿಕೊಳ್ಳುತ್ತದೆ. ಕೊನೆಗೆ, ನಮಗೆ ಅನಿರೀಕ್ಷಿತವಾಗಿ, ಉತ್ತರ ಆಫ್ರಿಕಾದ ಮುಸ್ಲಿಮ್ ನಗರ ಟ್ಯುನಿಸ್‌ನ ಹೆಸರು ಬರುತ್ತದೆ. ಟ್ಯುನಿಸ್‌ನಲ್ಲಿ ಈ ಹಕ್ಕಿ ಇಲ್ಲ. ಅಷ್ಟು ದೂರದಿಂದ ಬೆಳಗಿನ ಹೊತ್ತಿಗೆ ಸಲೀಸಾಗಿ ಬಂದಿಳಿಯುವ ಅಂಚೆಯಂತೆ ಅವರಿಗೆ ಅದು ಕಂಡಿತ್ತು. ಹದಿನೇಳು ವರ್ಷಗಳಲ್ಲಿ ಹಕ್ಕಿ ಬದಲಾಗಿರಲಿಲ್ಲ, ನೋಡುವ ಕಣ್ಣು ಹರಿತವಾಗಿತ್ತು.

ಅದೇ ಕಾಲದ ಚಿತ್ರಕಾರ ಮಾರ್ಟಿನ್ ಜಾನ್ಸನ್ ಹೀಡ್ ಈ ಹಕ್ಕಿಗಳ ಚಿತ್ರ ಬರೆಯಲೆಂದೇ 1863ರಲ್ಲಿ ಬ್ರೆಝಿಲ್‌ಗೆ ಹಡಗು ಹತ್ತಿದ್ದರು. ಅವರ ಚಿತ್ರಗಳು ಸುಂದರವಾಗಿವೆ. ಆದರೂ ನನಗೆ ಬೆರಗು ಹುಟ್ಟಿಸುವುದು ಮನೆಯ ತೋಟದಲ್ಲಿ ಕಾದು ನಿಂತ ಹೆಣ್ಣು. ಪವಿತ್ರ ಕುರ್‌ಆನಿನ ಅಲ್ ಮುಲ್ಕ್ ಅಧ್ಯಾಯದಲ್ಲಿ, ತಲೆಯ ಮೇಲೆ ರೆಕ್ಕೆ ಹರಡಿ ಮಡಚುವ ಹಕ್ಕಿಗಳನ್ನು ಇವರು ನೋಡುವುದಿಲ್ಲವೇ ಎಂಬ ಪ್ರಶ್ನೆಯಿದೆ. ಅದನ್ನು ಪ್ರತಿದಿನ ಓದುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಓದಿ ಮುಗಿಸಿ ಕಿಟಕಿ ತೆರೆದು ನೋಡುವವರು?

ಉಳಿದ ಕಾಗದ, ಸುಟ್ಟ ಕಾಗದ

'ಅವರಿಗೆ ಪುರುಸೊತ್ತು ಇತ್ತು, ನಮಗೆಲ್ಲಿ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಮಿಲಿಗೆ ತಂದೆಯ ದೊಡ್ಡ ಮನೆಯಿತ್ತು, ಸ್ವಂತ ಕೋಣೆಯಿತ್ತು. 1869ರಿಂದ ಮಾರ್ಗರೆಟ್ ಮಾಹೆರ್ ಎಂಬ ಐರಿಶ್ ಕೆಲಸದಾಕೆ ಆ ಮನೆಯ ಭಾರ ಹೊತ್ತಿದ್ದರು. ಒಬ್ಬಾಕೆ ಬರೆಯಲು ಇನ್ನೊಬ್ಬಾಕೆ ಪಾತ್ರೆ ತೊಳೆಯಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಎಮಿಲಿಯ ಕವಿತೆಗಳು ಜೋಪಾನವಾಗಿದ್ದದ್ದೂ ಈ ಮಾರ್ಗರೆಟ್‌ರ ಪೆಟ್ಟಿಗೆಯಲ್ಲೇ. ಜೊತೆಗೆ ಎಮಿಲಿ ಹಾಳೆ ಹುಡುಕುತ್ತಾ ಕೂತವರಲ್ಲ. ಹಳೆಯ ಲಕೋಟೆಯ ಮೇಲೆ, ತೆಂಗಿನಕಾಯಿ ಕೇಕಿನ ಪಾಕವಿಧಾನದ ಹಿಂಬದಿಯಲ್ಲಿ ಬರೆದರು. ನಲವತ್ತರಷ್ಟು ಪುಸ್ತಿಕೆಗಳನ್ನು ಸೂಜಿದಾರದಿಂದ ತಾವೇ ಹೊಲಿದರು.

ಎಂಟು ಸಾಲಿನ ಕವಿತೆಯನ್ನು ಎಮಿಲಿ ಹಲವರಿಗೆ ಪತ್ರದಲ್ಲಿ ಕಳಿಸಿದ್ದರು. ಅವರಲ್ಲಿ ಒಬ್ಬರು ಊರಿನ ಕಾಲೇಜಿನ ಪ್ರಾಧ್ಯಾಪಕರ ಪತ್ನಿ ಮೇಬೆಲ್ ಲೂಮಿಸ್ ಟಾಡ್. 1882ರಲ್ಲಿ ಮೇಬೆಲ್ ಒಂದು ಕಾಡುಗಿಡದ ಚಿತ್ರ ಬರೆದು ಎಮಿಲಿಗೆ ಕೊಟ್ಟರು. ಹಸಿರೇ ಇಲ್ಲದ, ಮೇಣದಂತೆ ಬಿಳಿಯಾದ, ತಲೆ ಬಾಗಿಸಿದ ಹೂವು. ಚಿತ್ರ ಬರೆಯಲು ಬಾರದ ಎಮಿಲಿ ಪ್ರತಿಯಾಗಿ ಹಕ್ಕಿಯ ಕವಿತೆ ಕಳಿಸಿದರು. ಇಬ್ಬರೂ ಒಂದೇ ಊರಿನವರು, ಒಮ್ಮೆಯೂ ಮುಖಾಮುಖಿ ಭೇಟಿಯಾಗಲಿಲ್ಲ.

1886ರ ಮೇ 15ರಂದು ಎಮಿಲಿ ತೀರಿಕೊಂಡರು. ಅದು ಆ ತೋಟಕ್ಕೆ ಹಕ್ಕಿ ಮರಳುವ ತಿಂಗಳು. ತಂಗಿ ಲವೀನಿಯಾ ಅಕ್ಕನಿಗೆ ಬಂದಿದ್ದ ಪತ್ರಗಳನ್ನು ಅಕ್ಕನ ಇಚ್ಛೆಯಂತೆ ಸುಟ್ಟರು. ಆಮೇಲೆ ಕವಿತೆಗಳ ರಾಶಿ ಸಿಕ್ಕಿತು. ಒಟ್ಟು 1800ರ ಹತ್ತಿರ. ಅವುಗಳನ್ನು ಸುಡಲು ಆ ತಂಗಿಯ ಮನಸ್ಸು ಒಪ್ಪಲಿಲ್ಲ. ನಮ್ಮ ಮನೆಗಳಲ್ಲಿ ಮಗಳ ನಿಕಾಹ್ ಆಗಿ ಬೀರು ಖಾಲಿ ಮಾಡುವಾಗ ಅವಳ ನೋಟ್‌ಬುಕ್‌ಗಳು ರದ್ದಿಗೆ ಹೋಗುತ್ತವೆ. ಕೊನೆಯ ಪುಟಗಳಲ್ಲಿ ಏನಿತ್ತೆಂದು ತಿರುವಿ ನೋಡುವ ತಂಗಿಯರು ಎಷ್ಟು ಮನೆಗಳಲ್ಲಿದ್ದಾರೆ?

ಲವೀನಿಯಾ ಆ ಕಾಗದಗಳನ್ನು ಕೊನೆಗೆ ತಂದುಕೊಟ್ಟದ್ದು ಮೇಬೆಲ್‌ರ ಕೈಗೆ. ಮೇಬೆಲ್ ಅವುಗಳ ನಕಲು ತೆಗೆದರು, ಹಿಗ್ಗಿನ್ಸನ್ ಎಂಬ ಲೇಖಕರ ಜೊತೆ ಸೇರಿ ಸಂಪಾದಿಸಿದರು. 1890ರಲ್ಲಿ ಮೊದಲ ಸಂಕಲನ ಹೊರಬಂತು. ಅದರ ಹೊದಿಕೆಯ ಮೇಲೆ ಅಚ್ಚಾದದ್ದು ಅದೇ ಬಿಳಿ ಹೂವು, ಎಂಟು ವರ್ಷಗಳ ಹಿಂದೆ ಹಕ್ಕಿಯ ಕವಿತೆಗೆ ಬದಲಾಗಿ ಹೋಗಿದ್ದ ಚಿತ್ರ.